ಹಾಳೆ ಹರಿಯಬೇಡ ಮಗು, ಕೆಂಪು ಗೆರೆ ಎಳೆ

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯ ಕಸದ ಬುಟ್ಟಿಯಲ್ಲಿ ಒಂದು ಹಾಳೆ ಸಿಕ್ಕಿತು. ಮುದ್ದೆ ಮಾಡಿ ಎಸೆದದ್ದು. ಬಿಡಿಸಿ ನೋಡಿದರೆ ನನ್ನ ಮೊಮ್ಮಗನ ಅಕ್ಷರ. ಏಳನೆಯ ತರಗತಿಯ ಈ ಹುಡುಗ ಶಾಲೆಯ ಖೋ ಖೋ ತಂಡದಲ್ಲಿದ್ದಾನೆ. ಆಡಿದ ಪ್ರತಿ ಪಂದ್ಯದ ದಿನಾಂಕ, ಎದುರಾಳಿ, ಅಂಕ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಈ ಚಾಳಿ ಅವನಿಗೆ ಯಾರಿಂದ ಬಂತು ಎಂದು ಕೇಳಬೇಡಿ!

ಹೋಬಳಿ ಮಟ್ಟದಲ್ಲಿ ಇವರ ತಂಡಕ್ಕೆ ಮೊದಲ ಸ್ಥಾನ. ತಾಲ್ಲೂಕು ಮಟ್ಟದ ಕಪ್ಪೂ ಇವರಿಗೇ ಎಂದು ಊರೆಲ್ಲ ಹೇಳಿತ್ತು. ಆದರೆ ಮೊದಲ ಪಂದ್ಯದಲ್ಲೇ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಪುಟ್ಟ ಹಳ್ಳಿ ಶಾಲೆಯ ಎದುರು ಸೋತು ಬಂದರು. ಹುಡುಗ ಊಟ ಮಾಡದೆ ಮಲಗಿದ. ಆ ಪಂದ್ಯದ ಹಾಳೆಯೇ ಬುಟ್ಟಿಯಲ್ಲಿ ಬಿದ್ದಿದ್ದು.

ನಾನು ಬೈಯಲಿಲ್ಲ. ಏಕೆಂದರೆ ನಾನೂ ಒಮ್ಮೆ ಅದೇ ಕೆಲಸ ಮಾಡಿದ್ದೆ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಹೊಸದು. ಲೆಡ್ಜರಿನಲ್ಲಿ ಒಂದು ಮೊತ್ತ ತಪ್ಪಾಗಿ ಬರೆದೆ. ಯಾರಿಗೂ ಕಾಣಬಾರದೆಂದು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಮೇಲೆ ಸರಿಯಾದ ಅಂಕಿ ಬರೆದೆ. ಸಂಜೆ ಮ್ಯಾನೇಜರ್ ಕರೆದರು. ತಪ್ಪಿಗೆ ಅವರಿಗೆ ಕೋಪ ಬಂದಿರಲಿಲ್ಲ, ಕೆರೆದದ್ದಕ್ಕೆ ಬಂದಿತ್ತು. ತಪ್ಪು ಅಂಕಿ ಓದುವ ಹಾಗೇ ಇರಬೇಕು, ಅದರ ಮೇಲೆ ಒಂದೇ ಒಂದು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು ಎಂದು ಹೇಳಿಕೊಟ್ಟರು. ಅಳಿಸಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಮೊಮ್ಮಗನಿಗೆ ಈ ಬ್ಯಾಂಕಿನ ಕಥೆ ಹೇಳಿದರೆ ಆಕಳಿಸುತ್ತಾನೆಂದು ನನಗೆ ಗೊತ್ತು. ಹಾಗಾಗಿ ಬೇರೊಂದು ಕಥೆ ಹೇಳಿದೆ. ಕಾಲೇಜಿನಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡನೆಯವನು. ಅಂದರೆ ಬೆಂಚು ಬಿಸಿಯಾಗಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಟ ಬರಲಿಲ್ಲ, ಆಸೆ ಹೋಗಲಿಲ್ಲ. ಅಮೆರಿಕದ ಕಾಲೇಜು ತಂಡಗಳ ಅಂಕಪಟ್ಟಿಯನ್ನು ಇಂದಿಗೂ ಬರೆದಿಡುತ್ತೇನೆ. ಆ ಪುಸ್ತಕದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ ತೆರೆದು ತೋರಿಸಿದೆ. ನೀವೂ ನೋಡಿ.

ಅಮೆರಿಕದಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜು ತಂಡಗಳ ದೊಡ್ಡ ಪಂದ್ಯಾವಳಿ ನಡೆಸುತ್ತದೆ. 1939ರಲ್ಲಿ ಶುರುವಾದಾಗ 8 ತಂಡಗಳಿದ್ದವು. 1985ರಲ್ಲಿ 64 ಆದವು, 2011ರಲ್ಲಿ 68. ಜನ ಇದನ್ನು ಪ್ರೀತಿಯಿಂದ 'ಮಾರ್ಚ್ ಮ್ಯಾಡ್‌ನೆಸ್' ಎನ್ನುತ್ತಾರೆ, ಮಾರ್ಚ್ ತಿಂಗಳ ಹುಚ್ಚು! ನಿಯಮ ಕಠಿಣ. ಒಮ್ಮೆ ಸೋತರೆ ಮನೆಗೆ. ಕಪ್ ಗೆಲ್ಲಲು ಸತತ ಆರು ಗೆಲುವು ಬೇಕು.

ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ 1ನೆಯ ತಂಡಕ್ಕೆ 16ನೆಯ ತಂಡ ಎದುರಾಳಿ. ಆನೆಗೂ ಆಡಿನ ಮರಿಗೂ ಕುಸ್ತಿ ಬಿಟ್ಟ ಹಾಗೆ. 1985ರಿಂದ 2017ರವರೆಗೆ 33 ವರ್ಷ, ವರ್ಷಕ್ಕೆ 4 ಪಂದ್ಯ. ಮಕ್ಕಳೇ, ಗುಣಿಸಿ. 132 ಬಂತೇ? ಆ 132ರಲ್ಲೂ ಆನೆಯೇ ಗೆದ್ದಿತ್ತು. 2018ರ ಮೊದಲ ಮೂರು ಪಂದ್ಯದಲ್ಲೂ ಗೆದ್ದಿತು. ಒಟ್ಟು 135. ಸೋಲು ಸೊನ್ನೆ.

ಉಳಿದದ್ದು ಒಂದೇ ಪಂದ್ಯ, ವರ್ಜೀನಿಯಾದ್ದು.

ವರ್ಜೀನಿಯಾ ಸಾಮಾನ್ಯ ತಂಡವಲ್ಲ. 1976ರಲ್ಲಿ ತಮ್ಮ ಎಸಿಸಿ ವಲಯದ ಪಂದ್ಯಾವಳಿಯಲ್ಲಿ ಆರನೆಯ ಶ್ರೇಯಾಂಕದಿಂದ ಎದ್ದು ಬಂದು ಕಪ್ ಗೆದ್ದವರು. ಆ ವರ್ಷವೇ ಮೊದಲ ಸಲ ಎನ್‌ಸಿಎಎ ಪಂದ್ಯಾವಳಿಗೆ ಕಾಲಿಟ್ಟರು. ಆಮೇಲೆ ರಾಲ್ಫ್ ಸ್ಯಾಂಪ್ಸನ್ ಎಂಬ ಹುಡುಗ ಬಂದ. ಎತ್ತರ 7 ಅಡಿ 4 ಅಂಗುಲ. ನಮ್ಮ ಮನೆ ಬಾಗಿಲಲ್ಲಿ ಅವನು ತಲೆ ಬಗ್ಗಿಸದೆ ಒಳಗೆ ಬರುವಂತಿಲ್ಲ! ಅವನ ಮೊದಲ ವರ್ಷ, 1980ರಲ್ಲಿ, ತಂಡ ಎನ್‌ಐಟಿ ಎಂಬ ಇನ್ನೊಂದು ಹಳೆಯ ಪಂದ್ಯಾವಳಿ ಗೆದ್ದಿತು. 1981ರಲ್ಲಿ ಎನ್‌ಸಿಎಎ ಕೊನೆಯ ನಾಲ್ಕರ ಘಟ್ಟ ತಲುಪಿ ಮೂರನೆಯ ಸ್ಥಾನ ಪಡೆಯಿತು. ಮೂರನೆಯ ಸ್ಥಾನಕ್ಕೆಂದು ಪಂದ್ಯ ಆಡಿಸಿದ್ದು ಅದೇ ಕೊನೆ. ಸ್ಯಾಂಪ್ಸನ್ ಹೋದ ಮೇಲೂ 1984ರಲ್ಲಿ ಮತ್ತೆ ಕೊನೆಯ ನಾಲ್ಕಕ್ಕೆ ಬಂದು, ಹೆಚ್ಚುವರಿ ಅವಧಿಯಲ್ಲಿ ಹ್ಯೂಸ್ಟನ್ ತಂಡಕ್ಕೆ 47–49ರಿಂದ ಸೋತಿತು. 1992ರಲ್ಲಿ ಇನ್ನೊಂದು ಎನ್‌ಐಟಿ ಗೆಲುವು. ದೊಡ್ಡ ಕಪ್ ಮಾತ್ರ ಕೈಗೆ ಬಂದಿರಲಿಲ್ಲ.

2018ರಲ್ಲಿ ಅದು ಬಂದೇ ಬಿಡುತ್ತದೆ ಎಂದು ಎಲ್ಲರೂ ಅಂದುಕೊಂಡರು. ಟೋನಿ ಬೆನೆಟ್ ಎಂಬ ಶಾಂತ ಸ್ವಭಾವದ ತರಬೇತುದಾರ. 31 ಗೆಲುವು, ಎರಡೇ ಸೋಲು. ದೇಶಕ್ಕೇ ಮೊದಲ ಶ್ರೇಯಾಂಕ. ರಕ್ಷಣೆ ಎಷ್ಟು ಗಟ್ಟಿ ಎಂದರೆ, ಎದುರಾಳಿಗಳಿಗೆ ಒಂದು ಪಂದ್ಯಕ್ಕೆ ಸರಾಸರಿ 54ರ ಆಸುಪಾಸು ಅಂಕ ಮಾತ್ರ ಬಿಟ್ಟುಕೊಡುತ್ತಿದ್ದರು. ಎದುರಿಗೆ ಬಾಲ್ಟಿಮೋರ್ ಕಡೆಯ ಯುಎಂಬಿಸಿ ವಿಶ್ವವಿದ್ಯಾಲಯ. ಆ ಕಾಲೇಜು ಅಲ್ಲಿಯವರೆಗೆ ಹೆಸರು ಮಾಡಿದ್ದು ಚದುರಂಗದಲ್ಲಿ!

ಮಾರ್ಚ್ 16ರ ರಾತ್ರಿ, ಷಾರ್ಲಟ್ ನಗರ. ಅರ್ಧ ಸಮಯಕ್ಕೆ 21–21. ಸರಿ, ಇನ್ನು ಆನೆ ಎದ್ದೇಳುತ್ತದೆ ಎಂದರು ಜನ. ಎದ್ದದ್ದು ಆಡಿನ ಮರಿ. ದ್ವಿತೀಯಾರ್ಧ ಒಂದರಲ್ಲೇ ಯುಎಂಬಿಸಿ 53 ಅಂಕ ಹೊಡೆಯಿತು. ಒಂದಿಡೀ ಪಂದ್ಯಕ್ಕೆ ಬಿಟ್ಟುಕೊಡುವಷ್ಟನ್ನು ವರ್ಜೀನಿಯಾ 20 ನಿಮಿಷಕ್ಕೆ ಬಿಟ್ಟುಕೊಟ್ಟಿತು. ಕೊನೆಗೆ 74–54. ಜೈರಸ್ ಲೈಲ್ಸ್ ಒಬ್ಬನೇ 28 ಅಂಕ. 135 ಪಂದ್ಯಗಳ ನಂತರ ಮೊದಲ ಸೋಲು, ಅದೂ 20 ಅಂಕಗಳಿಂದ. ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದು ಆಡಿರಲಿಲ್ಲ, ನಿಜ. ಆದರೆ ಬೆನೆಟ್ ಅದರ ನೆಪ ಹಿಡಿದು ಕೂರಲಿಲ್ಲ. ಅವರು ನಮಗಿಂತ ಚೆನ್ನಾಗಿ ಆಡಿದರು ಎಂದು ಎಲ್ಲರೆದುರು ಒಪ್ಪಿಕೊಂಡರು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ನೀವಾಗಿದ್ದರೆ ಆ ಹಾಳೆಯನ್ನು ಏನು ಮಾಡುತ್ತಿದ್ದಿರಿ?

ಕೈಲ್ ಗೈ ಎಂಬ ಆಟಗಾರ ಏನು ಮಾಡಿದ ಕೇಳಿ. ಆ ರಾತ್ರಿ ಎದುರಾಳಿಗಳು ಕುಣಿಯುತ್ತಿದ್ದಾಗ ತಾನು ಕುಗ್ಗಿ ನಿಂತಿದ್ದ ಫೋಟೋವನ್ನೇ ತನ್ನ ಫೋನಿನ ಪರದೆಗೆ ಹಾಕಿಕೊಂಡ. ಫೋನ್ ಎತ್ತಿದಾಗಲೆಲ್ಲ ಅದೇ ಚಿತ್ರ. ಬೆನೆಟ್ ತಾವು ಒಂದು ಭಾಷಣದಲ್ಲಿ ಕೇಳಿದ ಮಾತನ್ನು ಹುಡುಗರಿಗೆ ಹೇಳುತ್ತಿದ್ದರು: ಕಷ್ಟವನ್ನು ಸರಿಯಾಗಿ ಬಳಸಿಕೊಂಡರೆ, ಬೇರೆ ಯಾವ ದಾರಿಯಿಂದಲೂ ತಲುಪಲಾಗದ ಜಾಗಕ್ಕೆ ಅದು ಟಿಕೆಟ್ ಕೊಡಿಸುತ್ತದೆಯಂತೆ.

2019 ಬಂತು. ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಸರಿಯಾಗಿ 200 ವರ್ಷ. ತಂಡಕ್ಕೆ ಮತ್ತೆ 1ನೆಯ ಶ್ರೇಯಾಂಕ, ಎದುರಿಗೆ ಮತ್ತೆ ಒಂದು 16ನೆಯ ತಂಡ, ಗಾರ್ಡ್ನರ್ ವೆಬ್. ಪಂದ್ಯ ಶುರುವಾಗಿ ನೋಡನೋಡುತ್ತಲೇ ವರ್ಜೀನಿಯಾ 14 ಅಂಕ ಹಿಂದೆ! ಹಳೆಯ ಭೂತ ಬಂದು ಭುಜದ ಮೇಲೆ ಕೂತ ಹಾಗೆ. ಆದರೆ ಈ ಸಲ ಅವರು ಹೆದರಿ ಓಡಲಿಲ್ಲ. 71–56ರಿಂದ ಗೆದ್ದರು. ಆಮೇಲೆ ಒಕ್ಲಹೋಮಾ, ಆಮೇಲೆ ಒರೆಗಾನ್.

ನಾಲ್ಕನೆಯದು ಪರ್ಡ್ಯೂ. ಅವರ ಕಾರ್ಸನ್ ಎಡ್ವರ್ಡ್ಸ್ ಒಬ್ಬನೇ 42 ಅಂಕ ಗಳಿಸಿದ. ಕೊನೆಯ ಸೆಕೆಂಡುಗಳಲ್ಲಿ ವರ್ಜೀನಿಯಾ 2 ಅಂಕ ಹಿಂದೆ. ಚೆಂಡು ಪುಟಿದು ದೂರ, ತಮ್ಮದೇ ಅಂಕಣದ ಕಡೆಗೆ ಹೋಯಿತು. ತಂಡದ ಗಿಡ್ಡ ಹುಡುಗ, ಮೊದಲ ವರ್ಷದ ಕಿಹೇ ಕ್ಲಾರ್ಕ್, ಓಡಿ ಹಿಡಿದು, ಗಾಬರಿಯಾಗದೆ ಉದ್ದಕ್ಕೆ ಎಸೆದ. ಮಮಾಡಿ ಡಿಯಾಕಿಟೆ ಹಿಡಿದು ಬುಟ್ಟಿಗೆ ಹಾಕಿದ, ಗಂಟೆ ಬಾರಿಸಿತು. 70–70. ಹೆಚ್ಚುವರಿ ಅವಧಿಯಲ್ಲಿ 80–75ರಿಂದ ಗೆಲುವು. 35 ವರ್ಷಗಳ ನಂತರ ಮತ್ತೆ ಕೊನೆಯ ನಾಲ್ಕು.

ಅಲ್ಲಿ ಆಬರ್ನ್ ವಿರುದ್ಧ 60–62. ಉಳಿದದ್ದು 0.6 ಸೆಕೆಂಡು, ಅಂದರೆ ಕಣ್ಣು ಎರಡು ಸಲ ಮಿಟುಕಿಸುವಷ್ಟು. ಎಸೆಯುತ್ತಿದ್ದಾಗ ಎದುರಾಳಿ ತಾಗಿದ್ದರಿಂದ ನಮ್ಮ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕವು. ಒಂದು ತಪ್ಪಿದರೂ ಗೆಲುವು ಇಲ್ಲ. ಎರಡು ತಪ್ಪಿದರೆ ಮನೆಗೆ. ಫೋನಿನಲ್ಲಿ ಸೋಲಿನ ಫೋಟೋ ಇಟ್ಟುಕೊಂಡ ಹುಡುಗ ಮೂರನ್ನೂ ಹಾಕಿದ. 63–62.

ಏಪ್ರಿಲ್ 8, ಮಿನಿಯಾಪೊಲಿಸ್, ಫೈನಲ್. ಎದುರಿಗೆ ಟೆಕ್ಸಸ್ ಟೆಕ್. ಹದಿನೈದು ಸೆಕೆಂಡೂ ಉಳಿದಿಲ್ಲದಾಗ ಮೂರು ಅಂಕ ಹಿಂದೆ. ಮೂಲೆಯಿಂದ ಮೂರು ಅಂಕದ ಹೊಡೆತ ಹಾಕಿ ಸಮ ಮಾಡಿದವನು ಯಾರು ಗೊತ್ತೆ? ಹಿಂದಿನ ವರ್ಷ ಮಣಿಕಟ್ಟು ಮುರಿದು ಬೆಂಚಿನಲ್ಲಿದ್ದ ಹಂಟರ್! 68–68. ಹೆಚ್ಚುವರಿ ಐದು ನಿಮಿಷದಲ್ಲಿ ವರ್ಜೀನಿಯಾ ಎಸೆದ 12 ಫ್ರೀ ಥ್ರೋಗಳಲ್ಲಿ 12ಕ್ಕೆ 12 ಬುಟ್ಟಿಗೆ. 85–77. ಹಂಟರ್ 27 ಅಂಕ. ಕೈಲ್ ಗೈ ಕೊನೆಯ ನಾಲ್ಕರ ಶ್ರೇಷ್ಠ ಆಟಗಾರ. ಮೊದಲ ಸುತ್ತಿನಲ್ಲಿ 16ನೆಯ ತಂಡಕ್ಕೆ ಸೋತ ಮೊದಲ 1ನೆಯ ಶ್ರೇಯಾಂಕದ ತಂಡ, ಮರುವರ್ಷವೇ ರಾಷ್ಟ್ರದ ಚಾಂಪಿಯನ್.

ಅದೇ ವರ್ಷ ಬೆನೆಟ್‌ಗೆ ಸಂಬಳ ಹೆಚ್ಚಿಸಲು ಹೊರಟಾಗ ಅವರು ಬೇಡವೆಂದರು. ಬದಲಿಗೆ ಆಟಗಾರರ ಮುಂದಿನ ಬದುಕಿಗೆ ನೆರವಾಗುವ ಯೋಜನೆಗೆ ದಂಪತಿ ತಾವೇ 5 ಲಕ್ಷ ಡಾಲರ್ ಕೊಡಲು ಮುಂದಾದರು. ಜಮಾ ಪುಟದಲ್ಲಿ ಇದನ್ನೂ ಬರೆದುಕೊಂಡಿದ್ದೇನೆ.

"ಹಾಗಾದರೆ ತಾತ, ಸೋತರೆ ಮುಂದಿನ ವರ್ಷ ಗೆದ್ದೇ ಗೆಲ್ಲುತ್ತೇವಾ?" ಎಂದ ಮೊಮ್ಮಗ. ಇಲ್ಲಿ ಹೂಂ ಎಂದುಬಿಟ್ಟರೆ ಕಥೆ ಚಂದ. ಆದರೆ ಪುಸ್ತಕ ಸುಳ್ಳು ಹೇಳಬಾರದಲ್ಲ! ಮುಂದಿನ ಪುಟ ತಿರುಗಿಸಿದೆ.

2020ರಲ್ಲಿ ಕೊರೋನಾ ಬಂದು ಪಂದ್ಯಾವಳಿಯೇ ರದ್ದು. 2021ರಲ್ಲಿ ಮೊದಲ ಸುತ್ತಿನಲ್ಲೇ ಒಹಾಯೊ ವಿರುದ್ಧ 58–62. 2023ರಲ್ಲಿ ಫರ್ಮನ್ ಎಂಬ ಚಿಕ್ಕ ಕಾಲೇಜಿನ ಎದುರು ವರ್ಜೀನಿಯಾ ಮುಂದಿತ್ತು, ಕೆಲವೇ ಸೆಕೆಂಡು ಬಾಕಿ. ಚೆಂಡು ಕಿಹೇ ಕ್ಲಾರ್ಕ್ ಕೈಯಲ್ಲಿ. ಹೌದು, ಅದೇ ಕ್ಲಾರ್ಕ್. ಇಬ್ಬರು ಸುತ್ತುವರಿದರು, ಅವನು ಮೇಲಕ್ಕೆ ಎಸೆದ ಚೆಂಡು ನೇರ ಎದುರಾಳಿಯ ಕೈಗೆ. ಅವರು ಮೂರು ಅಂಕ ಹೊಡೆದರು. 67–68ರ ಸೋಲು. ಒಂದು ಎಸೆತದಿಂದ ತಂಡವನ್ನು ಎತ್ತಿದವನೇ ಇನ್ನೊಂದು ಎಸೆತದಿಂದ ಕಳೆದುಕೊಂಡ.

ಅದೇ ವರ್ಷ ಪರ್ಡ್ಯೂ ತಂಡಕ್ಕೂ 16ನೆಯ ತಂಡದ ಎದುರು ಸೋಲು, 58–63. ಅವರೂ ಮರುವರ್ಷ ಎದ್ದು ನಿಂತು ಫೈನಲ್ ತಲುಪಿದರು. ಆದರೆ ಕನೆಕ್ಟಿಕಟ್ ವಿರುದ್ಧ 60–75ರಿಂದ ಸೋತರು. ಎದ್ದವರಿಗೆಲ್ಲ ಕಪ್ ಸಿಗುವುದಿಲ್ಲ, ಮಗು. ಆದರೆ ಏಳದವರಿಗೆ ಫೈನಲ್ ಕೂಡ ಇಲ್ಲ.

ಕ್ಲಾರ್ಕ್‌ನ ಕಥೆ ಕೇಳಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಗ್ಗಿದ ದನಿಯಲ್ಲಿ, "ಕೊನೆಯ ಸರದಿಯಲ್ಲಿ ತಪ್ಪಾಗಿ ಖೋ ಕೊಟ್ಟದ್ದು ನಾನೇ ತಾತ" ಎಂದ. ಊಟ ಬಿಟ್ಟ ಕಾರಣ ಆಗ ತಿಳಿಯಿತು. ನಾನೇನೂ ಹೇಳಲಿಲ್ಲ. ಪುಟವನ್ನು ಹಿಂದಕ್ಕೆ ತಿರುಗಿಸಿ 2019ರ ಕ್ಲಾರ್ಕ್‌ನನ್ನು, ಮುಂದಕ್ಕೆ ತಿರುಗಿಸಿ 2023ರ ಕ್ಲಾರ್ಕ್‌ನನ್ನು ತೋರಿಸಿದೆ. ಎರಡೂ ಒಂದೇ ಪುಸ್ತಕದಲ್ಲಿವೆ, ಒಂದೇ ಹುಡುಗನವು.

ಆ ಮುದುಡಿದ ಹಾಳೆಗೆ ಅಜ್ಜಿ ಇಸ್ತ್ರಿ ಪೆಟ್ಟಿಗೆ ಆಡಿಸಿಕೊಟ್ಟಳು. ಸದ್ಯಕ್ಕೆ ನನ್ನ ಮೇಜಿನ ಮೇಲೆ ನಿಘಂಟಿನ ಕೆಳಗಿದೆ, ಪಕ್ಕದಲ್ಲಿ ಗೋಂದಿನ ಬಾಟಲಿ. ಅಂಟಿಸುವ ಕೆಲಸ ಅವನದು. ನಿನ್ನೆ ಸಂಜೆ ಬಂದು ಎರಡು ಸಲ ನೋಡಿಕೊಂಡು ಹೋದ. ಅವಸರವಿಲ್ಲ. ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಕಸದ ಬುಟ್ಟಿಯನ್ನೂ ಒಮ್ಮೆ ನೋಡಿ. ಎಸೆಯಬಾರದ್ದು ಏನಾದರೂ ಇರಬಹುದು.

ಈ ವಾರದ ಲೆಕ್ಕ: 68 ತಂಡಗಳು. ಒಮ್ಮೆ ಸೋತರೆ ಹೊರಗೆ. ಒಬ್ಬ ಚಾಂಪಿಯನ್ ಸಿಗಲು ಒಟ್ಟು ಎಷ್ಟು ಪಂದ್ಯ ಆಡಬೇಕು? ಚಿತ್ರ ಬರೆದು ಎಣಿಸುತ್ತಾ ಕೂರಬೇಡಿ, ಒಂದೇ ಸಾಲಿನಲ್ಲಿ ಉತ್ತರವಿದೆ. ಸುಳಿವು ಕೊಡುತ್ತೇನೆ: ಗೆದ್ದವರನ್ನು ಬಿಡಿ, ಸೋತವರನ್ನು ಎಣಿಸಿ. ಉತ್ತರ ಮುಂದಿನ ವಾರ.

ನಿಮ್ಮ ಲೆಡ್ಜರ್ ತಾತ