ಹಲ್ಲುಪುಡಿಯೂ ಎಂಬತ್ತರ ಸಂಭ್ರಮವೂ

ಉಡುಪಿ ಜಿಲ್ಲೆಯ ಕೊಕ್ಕರ್ಣೆಯಿಂದ ಸಹೋದರಿಯೊಬ್ಬರು ಬರೆದ ಪತ್ರವು ಈ ತಿಂಗಳ ಅಂಕಣಕ್ಕೆ ವಸ್ತುವಾಗಿದೆ. ಅವರ ಮನೆಯವರು ಮೂಲತಃ ಬೆಳಗಾವಿ ಕಡೆಯವರು. ಉದ್ಯೋಗ ನಿಮಿತ್ತ ಕರಾವಳಿಗೆ ಬಂದು ನೆಲೆಸಿದವರು. ಅತ್ತೆಯವರಿಗೆ ಎಂಬತ್ತು ತುಂಬಲಿದೆ. ಸಹೋದರಿ ಕೇಳಿರುವ ಪ್ರಶ್ನೆಗಳು ಎರಡು. ಮನೆಯಲ್ಲಿಯೇ ಶುದ್ಧವಾದ ಹಲ್ಲುಪುಡಿಯನ್ನೋ ಪೇಸ್ಟನ್ನೋ ಮಾಡಿಕೊಳ್ಳುವ ಕ್ರಮ ಯಾವುದು? ಅತ್ತೆಯವರ ಎಂಬತ್ತನೆಯ ವರ್ಷದ ಸಂಭ್ರಮವನ್ನು ನಮ್ಮ ಪದ್ಧತಿಗೆ ಒಪ್ಪುವಂತೆ ಹೇಗೆ ನಡೆಸಬೇಕು? ಪತ್ರದ ಕೊನೆಯಲ್ಲಿ ಇನ್ನೆರಡು ಸಾಲುಗಳಿವೆ. ಅತ್ತೆಯವರು ಮೂವತ್ತು ವರ್ಷಗಳಿಂದ ಹೊಗೆಸೊಪ್ಪನ್ನು ಹುರಿದು ಮಾಡಿದ ಕರಿಪುಡಿಯಿಂದಲೇ ಹಲ್ಲು ತಿಕ್ಕುವರಂತೆ. ಈಚೆಗೆ ಬಿಸಿ ಸಾರು ತಾಗಿದರೆ ಎಡಗೆನ್ನೆಯ ಒಳಗೆ ಉರಿ ಎನ್ನುವರಂತೆ. ಸಹೋದರಿ ಇದನ್ನು ಪ್ರಶ್ನೆಯಾಗಿ ಕೇಳಿಲ್ಲ. ನನಗಾದರೋ ಪತ್ರದ ಮುಖ್ಯ ವಿಷಯವೇ ಇದೆಂದು ತೋರಿತು. ಉಳಿದೆರಡಕ್ಕೂ ಉತ್ತರ ಇದರಿಂದಲೇ ಹೊರಡಬೇಕು.

ಹುರಿದ ಹೊಗೆಸೊಪ್ಪಿನ ಈ ಪುಡಿಗೆ ಬೆಳಗಾವಿ ಮತ್ತು ಮಹಾರಾಷ್ಟ್ರದ ಗಡಿಯಲ್ಲಿ ಮಿಶ್ರಿ ಎಂಬ ಹೆಸರುಂಟು. ನಮ್ಮ ಹಿರಿಯ ತಾಯಂದಿರಲ್ಲಿ ಅನೇಕರಿಗೆ ಇದು ಹಲ್ಲು ತಿಕ್ಕುವ ಪುಡಿಯೇ ಹೊರತು ಚಟವಲ್ಲ. ಬಹುಮಟ್ಟಿಗೆ ಹಲ್ಲುನೋವಿಗೆಂದು ಯಾರೋ ಹೇಳಿಕೊಟ್ಟದ್ದು. ನೋವು ಹೋದರೂ ಪುಡಿ ಹೋಗುವುದಿಲ್ಲ. ಬೆಳಿಗ್ಗೆ ಒಮ್ಮೆ ಇದ್ದುದು ಊಟದ ನಂತರ ಒಮ್ಮೆ, ಮಲಗುವಾಗ ಒಮ್ಮೆ ಎಂದು ಬೆಳೆಯುತ್ತದೆ. ಹೊಗೆ ಇಲ್ಲದ ಮಾತ್ರಕ್ಕೆ ಹೊಗೆಸೊಪ್ಪು ಸಾಧುವಾಗದು. ಅದರಲ್ಲಿರುವ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಇಳಿದು ಮತ್ತೆ ಮತ್ತೆ ಬೇಕೆನ್ನಿಸುತ್ತದೆ. ಅದರ ಜೊತೆಗಿರುವ ಬೇರೆ ವಿಷಗಳು ಬಾಯಿಯ ಒಳಪದರವನ್ನು ಕೆಡಿಸಿ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ದಾರಿ ಮಾಡುತ್ತವೆ. ಟೂತ್‌ಪೇಸ್ಟು ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪನ್ನು ಬೆರೆಸಬಾರದೆಂದು ಕೇಂದ್ರ ಸರಕಾರವು 1992ರಲ್ಲಿಯೇ ನಿಷೇಧ ಮಾಡಿತು. ಮನೆಯ ಹಂಚಿನ ಮೇಲೆ ಹುರಿದುಕೊಳ್ಳುವುದನ್ನು ಯಾವ ಕಾನೂನು ತಡೆದೀತು?

ಆದುದರಿಂದ ಸಹೋದರಿ ಮೊದಲು ಮಾಡಬೇಕಾದ ಕೆಲಸ ಇಷ್ಟು. ಹಗಲಿನ ಬೆಳಕಿನಲ್ಲಿ ತಾಯಿಯವರ ಬಾಯನ್ನು ತೆರೆಸಿ ನೋಡಿರಿ. ಕೆನ್ನೆಯ ಒಳಭಾಗ, ಕೆಳತುಟಿಯ ಒಳಗೆ ಪುಡಿ ನಿಲ್ಲುವ ಜಾಗ, ನಾಲಿಗೆಯ ಅಂಚು ಮತ್ತು ಅಡಿ. ಒರಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಕೈಗೆ ಸಿಗುವ ಗಂಟು, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯದಿರುವುದು, ಇವುಗಳಲ್ಲಿ ಯಾವುದೊಂದಿದ್ದರೂ ತಡಮಾಡಬಾರದು. ಏನೂ ಕಾಣದಿದ್ದರೂ ಉರಿ ಇದೆಯೆಂಬುದೊಂದೇ ಸಾಕು, ವೈದ್ಯರಿಗೆ ತೋರಿಸಿರಿ. ಕೊಕ್ಕರ್ಣೆಯವರಿಗೆ ಮಣಿಪಾಲವು ದೂರವಲ್ಲ. ಅಲ್ಲಿಯ ದಂತವೈದ್ಯ ಮಹಾವಿದ್ಯಾಲಯವು 1965ರಿಂದ ನಡೆಯುತ್ತಿದೆ. ಮೊದಲೇ ಕಂಡುಕೊಂಡ ಮಚ್ಚೆಗೆ ಚಿಕಿತ್ಸೆ ಸಣ್ಣದು. ಬಿಟ್ಟು ಬೆಳೆಸಿದ್ದಕ್ಕೆ ದೊಡ್ಡದು. ತಾಯಿಯವರನ್ನು ಹೆದರಿಸಬೇಕಾಗಿಲ್ಲ. ಹೆಚ್ಚಿನ ಉರಿಗಳು ಸವೆದ ಹಲ್ಲಿನ ಚೂಪಿನಿಂದಲೋ, ಒಣಗಿದ ಬಾಯಿಯಿಂದಲೋ, ರಕ್ತಹೀನತೆಯಿಂದಲೋ ಬಂದವುಗಳಾಗಿರುತ್ತವೆ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನೀವು ನಾವಲ್ಲ.

ಇನ್ನು ಹಲ್ಲುಪುಡಿ. ಇಲ್ಲಿ ಮನೆಯ ಪುಡಿ ನಿಜವಾಗಿಯೂ ಉಪಕಾರಿ. ಮೂವತ್ತು ವರ್ಷ ಬೆರಳಿಗೆ ಪುಡಿ ಅದ್ದಿ ಒಸಡು ತಿಕ್ಕಿದ ಕೈಗೆ ಒಮ್ಮೆಲೇ ಬ್ರಷ್ಷನ್ನು ಕೊಟ್ಟರೆ ಅದು ಕಟಕಟೆಯಾಗುವುದು. ಕೈಯ ಅಭ್ಯಾಸವನ್ನು ಉಳಿಸಿ ಪುಡಿಯನ್ನು ಬದಲಿಸುವುದು ಸುಲಭ. ಒಂದೇ ದಿನ ಡಬ್ಬಿಯನ್ನು ಕಸಿದು ಎಸೆಯಬೇಡಿರಿ. ಎಂಬತ್ತರ ಜೀವಕ್ಕೆ ಅದು ಅವಮಾನ. ಮೊದಲು ಮಲಗುವಾಗಿನ ಸರದಿ, ಆಮೇಲೆ ಊಟದ ನಂತರದ್ದು, ಕಡೆಗೆ ಬೆಳಗಿನದು, ಹೀಗೆ ಒಂದೊಂದಾಗಿ ಬದಲಿಸಿರಿ. ಮಧ್ಯದಲ್ಲಿ ತಲೆಭಾರ, ಸಿಡುಕು ಬಂದರೆ ಸಹಜವೆಂದು ತಿಳಿದು ವೈದ್ಯರ ಸಲಹೆ ಪಡೆಯಿರಿ.

ದಂತಧಾವನವನ್ನು ನಮ್ಮ ಹಿಂದಿನವರು ಸಣ್ಣ ವಿಷಯವೆಂದು ಎಣಿಸಿರಲಿಲ್ಲ. ಸುಶ್ರುತನು ಕಡ್ಡಿಗಳಲ್ಲಿ ಕಹಿಗೆ ಬೇವು, ಒಗರಿಗೆ ಕಗ್ಗಲಿ, ಸಿಹಿಗೆ ಹಿಪ್ಪೆ, ಖಾರಕ್ಕೆ ಹೊಂಗೆ ಶ್ರೇಷ್ಠವೆಂದು ಎಣಿಸುತ್ತಾನೆ. ವಾಗ್ಭಟನು ಕಡ್ಡಿ ಹನ್ನೆರಡು ಅಂಗುಲವಿರಲಿ, ಕಿರುಬೆರಳಿನ ದಪ್ಪವಿರಲಿ, ಒಸಡಿಗೆ ನೋವಾಗದಂತೆ ಉಜ್ಜಬೇಕು ಎನ್ನುತ್ತಾನೆ. ಈ ಕಡೆಯ ಮಾತನ್ನು ಜನ ಮರೆತರು. ನಾನು ಓದಿದ ಮಠದಲ್ಲಿ ನಸುಕಿನಲ್ಲಿ ಪೂಜೆಗೆ ಮುನ್ನ ಬೇವಿನ ಕಡ್ಡಿಗಾಗಿ ಹುಡುಗರ ಸಾಲೇ ನಿಲ್ಲುತ್ತಿತ್ತು. ಬಾಗಿಲ ಬಳಿಯ ಮರದ ಕೆಳಗಿನ ಕೊಂಬೆಗಳೆಲ್ಲ ಬೋಳಾಗಿದ್ದವು. ಕರಾವಳಿಯವರ ಮಾವಿನೆಲೆಯ ಕ್ರಮವೂ ಅಷ್ಟೇ ಸೊಗಸು: ಎಲೆಯನ್ನು ಮಡಿಚಿ ಹಲ್ಲುಜ್ಜಿ, ನಡುವಿನ ನಾರನ್ನು ಸೀಳಿ ಅದರಿಂದಲೇ ನಾಲಿಗೆ ಕೆರೆಯುವುದು. ಅಂಗಡಿಯ ಪುಡಿಯ ಇತಿಹಾಸವೂ ನಮ್ಮ ನಾಡಿಗೆ ಹೊಸದಲ್ಲ, ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯ ಪೊಟ್ಟಣವನ್ನು ಕಾಣದ ಮನೆ ಹಳೆಯ ಮೈಸೂರಿನಲ್ಲಿ ವಿರಳವಾಗಿತ್ತು.

ಉಮಿಯನ್ನು ಸುಟ್ಟ ಕರಿ, ಇದ್ದಿಲು, ಇಟ್ಟಿಗೆಪುಡಿ, ಬೆರಣಿಯ ಬೂದಿ, ಇವುಗಳಿಂದ ಉಜ್ಜಿದರೆ ಹಲ್ಲು ಬೆಳ್ಳಗಾಗುವುದು ನಿಜ. ಕೊಕ್ಕರ್ಣೆಯ ಸುತ್ತ ಭತ್ತದ ಉಮಿಗೆ ಕೊರತೆಯಿಲ್ಲವಾದ್ದರಿಂದ ನೆರೆಯವರು ಅದನ್ನೇ ಹೇಳಿಯಾರು. ಆದರೆ ಈ ಹೊಳಪು ಹಲ್ಲನ್ನು ತೇಯ್ದು ಬಂದದ್ದು. ವಯಸ್ಸಾದವರಲ್ಲಿ ಒಸಡು ಹಿಂದೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಹಲ್ಲಿನ ತಲೆಗಿರುವಂತೆ ಗಟ್ಟಿಯಾದ ಲೇಪವಿಲ್ಲ. ಹರಳುಪುಡಿ ಅದನ್ನು ಗಾಡಿಯ ಅಚ್ಚಿನಂತೆ ಕೊರೆಯುತ್ತದೆ. ವಿಭೂತಿಗೂ ಬೆರಣಿಯೇ ಮೂಲವಲ್ಲವೇ ಎಂದು ಕೇಳಿದವರುಂಟು. ವಿಭೂತಿಯ ಸ್ಥಾನ ಹಣೆ.

ನಾನು ಹೇಳುವ ಪುಡಿ ಇದು. ಬೀಜ ತೆಗೆದು ಒಣಗಿಸಿದ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ತಲಾ 20 ಗ್ರಾಂ. ನೆರಳಿನಲ್ಲಿ ಒಣಗಿಸಿದ ಬೇವಿನೆಲೆ 10 ಗ್ರಾಂ. ಲವಂಗ 2 ಗ್ರಾಂ. ಸೈಂಧವ ಲವಣ 5 ಗ್ರಾಂ. ಔಷಧದ ಅಂಗಡಿಯಲ್ಲಿ ಸಿಗುವ ನುಣುಪಾದ ಶುದ್ಧ ಚಾಕ್ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, 50 ಗ್ರಾಂ. ಎಲ್ಲವನ್ನೂ ಬೇರೆ ಬೇರೆಯಾಗಿ ಕುಟ್ಟಿ ವಸ್ತ್ರಗಾಳಿತ ಮಾಡಬೇಕು. ಜರಡಿ ಸಾಲದು, ತೆಳುವಾದ ಹತ್ತಿಯ ಬಟ್ಟೆಯೇ ಆಗಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಾಗ ಒಂದು ಹರಳೂ ತಾಕಬಾರದು; ತಾಕಿದರೆ ಮತ್ತೆ ಗಾಳಿಸಿರಿ. ಎಚ್ಚರಿಕೆಯ ಮಾತೊಂದು: ಎಲೆಅಡಿಕೆಗೆ ಹಚ್ಚುವ ಸುಣ್ಣವು ಈ ಚಾಕ್ ಪುಡಿಯಲ್ಲ. ಕರಾವಳಿಯಲ್ಲಿ ಚಿಪ್ಪು ಸುಟ್ಟ ಸುಣ್ಣ ಮನೆಮನೆಯಲ್ಲಿ ಇರುತ್ತದೆ. ಬಣ್ಣ ಒಂದೇ ಎಂದು ಅದನ್ನು ಬೆರೆಸಿದರೆ ಬಾಯಿ ಸುಡುವುದು.

ಪೇಸ್ಟು ಬೇಕೆನ್ನುವವರು ಈ ಪುಡಿಗೆ ಕೊಬ್ಬರಿ ಎಣ್ಣೆಯನ್ನು ಕಲಸಿಕೊಳ್ಳಬಹುದು. ನೀರು ಹಾಕಬಾರದು. ಅಂಗಡಿಯ ಪೇಸ್ಟಿನಲ್ಲಿ ಕೆಡದಂತೆ ಕಾಪಾಡುವ ದ್ರವ್ಯಗಳಿರುತ್ತವೆ, ಮನೆಯದರಲ್ಲಿ ಅವಿಲ್ಲ. ನೀರು ಬಿದ್ದ ಪುಡಿಗೆ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಒಂದು ವಾರಕ್ಕೆ ಆಗುವಷ್ಟನ್ನು ಮಾತ್ರ ಕಲಸಿ, ಒಣ ಚಮಚದಿಂದ ತೆಗೆದುಕೊಳ್ಳಿರಿ. ಲವಂಗದ ಎಣ್ಣೆಯನ್ನು ನೇರವಾಗಿ ಹಚ್ಚುವುದು ಬೇಡ; ಉರಿಯುತ್ತಿರುವ ಬಾಯಿಗೆ ಅದು ಮತ್ತಷ್ಟು ಉರಿ. ಕೆನ್ನೆಯಲ್ಲಿ ಹುಣ್ಣೇ ಇದ್ದರೆ, ಅದು ಮಾಯುವ ತನಕ ಲವಂಗವನ್ನೂ ಉಪ್ಪನ್ನೂ ಬಿಟ್ಟು ಮಾಡಿರಿ.

‘ಮನೆಯದು ಎಲ್ಲದಕ್ಕೂ ಸಾಕು’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹುಳುಕು ತಡೆಯುವ ಫ್ಲೋರೈಡ್ ಎಂಬ ಲವಣ ಈ ಪುಡಿಯಲ್ಲಿಲ್ಲ. ಮಕ್ಕಳಿಗೂ, ಬೇರು ತೆರೆದ ಹಿರಿಯರಿಗೂ ರಾತ್ರಿ ಮಲಗುವಾಗ ಫ್ಲೋರೈಡ್ ಇರುವ ಪೇಸ್ಟು, ಮೆತ್ತನೆಯ ಬ್ರಷ್ಷು. ಬೆಳಿಗ್ಗೆ ಮನೆಯ ಪುಡಿ. ಇದು ಒಳ್ಳೆಯ ಹೊಂದಾಣಿಕೆ. ಪಾವಗಡ, ಮುಂಡರಗಿಗಳಂಥ ಒಣ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟುವುದುಂಟು. ಅಲ್ಲಿಯ ಓದುಗರು ತಮ್ಮ ವೈದ್ಯರನ್ನು ಕೇಳಿಯೇ ನಡೆಯಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ ಅದಕ್ಕೆ ಯಾವ ಪುಡಿಯೂ ಬೇಡ, ಗೀಚು ಬೀಳುತ್ತದೆ. ಸಾದಾ ಸಾಬೂನು, ಮೆತ್ತನೆಯ ಬ್ರಷ್ಷು, ರಾತ್ರಿ ತೆಗೆದು ನೀರಿನಲ್ಲಿಡುವುದು.

ಈಗ ಸಂಭ್ರಮಕ್ಕೆ ಬರೋಣ. ಹುಟ್ಟಿದ ದಿನ ಯಾವುದೆಂಬುದೇ ಆ ಮನೆಯಲ್ಲಿ ತಕರಾರಂತೆ. ಆಧಾರ್ ಚೀಟಿಯಲ್ಲಿ ಜನವರಿ 1 ಎಂದಿದೆ. ತಾಯಿಯವರು ಕಾರಹುಣ್ಣಿಮೆಯಾದ ಎಂಟು ದಿನಕ್ಕೆ ಎನ್ನುತ್ತಾರೆ. ಚೀಟಿಯ ದಿನ ಬರೆದುಕೊಂಡವರ ಅನುಕೂಲದ್ದು, ಕಾರಹುಣ್ಣಿಮೆ ಹೆತ್ತವಳ ನೆನಪಿನದ್ದು. ನಾನಾದರೆ ಎರಡನೆಯದನ್ನೇ ನಂಬುತ್ತೇನೆ. ವರ್ಷದ ಸಂಶಯವಿದ್ದರೆ ಸಂವತ್ಸರದ ಹೆಸರು ನೆನಪಿದೆಯೇ ಕೇಳಿರಿ. ಪಾರ್ಥಿವ ಎಂದರೆ 1945–46, ವ್ಯಯ ಎಂದರೆ 1946–47.

ಕೆಲವರು ಎಂಬತ್ತು ತುಂಬಿದ ದಿನವನ್ನು, ಕೆಲವರು ಸಹಸ್ರ ಚಂದ್ರದರ್ಶನವನ್ನು ಆಚರಿಸುತ್ತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ ಹಿಡಿದು ಲೆಕ್ಕ ಹಾಕಿದರೆ ಸಾವಿರ ಹುಣ್ಣಿಮೆಗೆ ಸುಮಾರು 80 ವರ್ಷ 10 ತಿಂಗಳಾಗುತ್ತದೆ. ತಾಯಿಯವರಿಗೆ ಎಂಬತ್ತು ತುಂಬುವುದು ಜ್ಯೇಷ್ಠದ ಮಳೆಯಲ್ಲಿ; ಸಾವಿರ ತುಂಬುವುದು ಮುಂದಿನ ಬೇಸಗೆಯ ಸೆಕೆಯಲ್ಲಿ. ಬೆಳಗಾವಿಯಿಂದ ಬರುವ ನೆಂಟರು ಜೂನಿನಲ್ಲಿ ಘಟ್ಟ ಇಳಿಯುವುದು ಕಷ್ಟ, ಮೇ ತಿಂಗಳ ಕರಾವಳಿಯ ಬೆವರು ಇನ್ನೂ ಕಷ್ಟ. ಇವೆರಡರ ನಡುವೆ ಮಾರ್ಗಶಿರ ಪುಷ್ಯಗಳ ತಂಪು ಇದೆ. ಶರಣರು ದಿನಶುದ್ಧಿಗೆ ಕಟ್ಟುಬಿದ್ದವರಲ್ಲ. ಮೊಮ್ಮಕ್ಕಳಿಗೆ ರಜೆ ಇರುವ ಒಂದು ಭಾನುವಾರ ಸಾಕು. ವೈದ್ಯರು ಹಲ್ಲಿನ ಸೆಟ್ಟು ಮಾಡಿಸಲು ಹೇಳಿದರೆ ಅದಕ್ಕೆ ಹಲವು ಸರದಿ ಹೋಗಬೇಕು, ಹೊಸ ಸೆಟ್ಟಿಗೆ ಬಾಯಿ ಒಗ್ಗಲು ಕೆಲವು ವಾರ ಬೇಕು; ಆ ಅವಕಾಶವೂ ಇದರಿಂದ ಸಿಗುತ್ತದೆ.

ಅಂದು ಬೆಳಿಗ್ಗೆ ಮನೆಮಂದಿಯೆಲ್ಲ ಕೂಡಿ ಇಷ್ಟಲಿಂಗ ಪೂಜೆ, ಒಂದು ಗಂಟೆಯ ವಚನಗಾಯನ, ಸಾಧ್ಯವಾದರೆ ಜಂಗಮರ ಆಶೀರ್ವಾದ, ಬಂದವರಿಗೆ ದಾಸೋಹ. ಇದಕ್ಕಿಂತ ಹೆಚ್ಚಿನ ವಿಧಿ ಬೇಕೆಂದು ನನಗೆ ತೋರದು. 1907ರ ಏಪ್ರಿಲ್ 1ರಂದು ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ನೂರನೆಯ ವರ್ಷವನ್ನು 2007ರಲ್ಲಿ ನಾಡೇ ಕೊಂಡಾಡಿತು, ಸರಕಾರ ಕರ್ನಾಟಕ ರತ್ನವನ್ನು ಕೊಟ್ಟಿತು. ನಾವು ಅಲ್ಲಿಂದ ತರಬೇಕಾದದ್ದು ಪೆಂಡಾಲನ್ನಲ್ಲ, ದಾಸೋಹದ ಪಂಕ್ತಿಯನ್ನು. ಮೂರು ಗಂಟೆ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಲೇ ಇರುವುದು ಎಂಬತ್ತರ ಬೆನ್ನಿಗೆ ಶಿಕ್ಷೆ. ನಡುವೆ ಒಂದು ತಾಸು ಮಲಗಲು ಕೋಣೆಯೊಂದನ್ನು ಖಾಲಿಯಿಡಿರಿ.

ಅಡುಗೆಯ ಪಟ್ಟಿಯಲ್ಲಿ ಚಕ್ಕುಲಿ, ಶೇಂಗಾ ಹೋಳಿಗೆ, ಕಡಕ್ ರೊಟ್ಟಿ ಇವೆ ಎಂದು ಸಹೋದರಿ ಬರೆದಿದ್ದಾರೆ. ಯಾರ ಹಬ್ಬವೋ ಅವರೇ ತಿನ್ನಲಾರದ ಹಬ್ಬದೂಟ! ಚೆನ್ನಾಗಿ ಬೆಂದ ಗೋದಿಹುಗ್ಗಿ, ಜೋಳದ ನುಚ್ಚು ಮಜ್ಜಿಗೆ, ಮೆತ್ತನೆಯ ಕಡುಬು ಮಾಡಿಸಿರಿ. ಕುಂದಾಪುರದ ಕಡೆಯ ಹಾಲುಬಾಯಿ ಇದೆಯಲ್ಲ, ಅಕ್ಕಿ ತೆಂಗಿನಹಾಲು ಬೆಲ್ಲಗಳಿಂದ ಕಾಸಿ ತಟ್ಟೆಗೆ ಹೊಯ್ಯುವುದು, ಹಲ್ಲಿಲ್ಲದ ಬಾಯಿಗೂ ಅದು ಕರಗುತ್ತದೆ. ನೆರೆಯ ತಾಯಂದಿರನ್ನು ಕೇಳಿದರೆ ಪ್ರೀತಿಯಿಂದ ಮಾಡಿಕೊಟ್ಟಾರು. ಸಾರು ಖಾರ ಕಡಿಮೆಯಿರಲಿ, ಉಗುರುಬೆಚ್ಚಗಿರಲಿ. ಮೊಮ್ಮಕ್ಕಳು ಕೇಕ್ ಬೇಕೆನ್ನುವರಂತೆ. ಹಚ್ಚಿದ ದೀಪವನ್ನು ಊದಿ ಆರಿಸುವುದು ನನ್ನ ಮನಸ್ಸಿಗೆ ಒಪ್ಪದ ಸಂಗತಿ. ಕೇಕಿನ ಮೇಲೆ ನನಗೆ ಸಿಟ್ಟಿಲ್ಲ, ಅಜ್ಜಿಯ ಒಸಡಿಗೆ ಅದು ಮೆತ್ತಗಿದೆ.

ಉಡುಗೊರೆಯ ಬಗೆಗೆ, ಆಹ್ವಾನ ಪತ್ರಿಕೆಯ ಬಗೆಗೆ, ಯಾರನ್ನು ಕರೆಯಬೇಕೆಂಬುದರ ಬಗೆಗೆ ತಾಯಿಯವರನ್ನೇ ಕೇಳಿರಿ. ಪತ್ರದಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಅಳಿಯ ಎಲ್ಲರ ಅಭಿಪ್ರಾಯವೂ ಇತ್ತು, ಅವರದು ಇರಲಿಲ್ಲ. ಈ ಮಾತುಕತೆಗೆ ಮಾರ್ಗಶಿರದವರೆಗೆ ಸಮಯವಿದೆ. ವೈದ್ಯರ ಭೇಟಿಗೆ ಮಾತ್ರ ಈ ವಾರವೇ ಹೊರಡಿರಿ. ಹೋಗುವಾಗ ಆ ಕರಿಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ಅವರು ಮೊದಲು ಕೇಳುವುದೇ ಅದನ್ನು.