ಮಸುಕು ಗಾಜಿನ ಪಾಠ



ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನರು ಇಲ್ಲಿನ ಬಳೆಗಾಜಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣದ ಬಳೆಗಳು ಇಲ್ಲಿ ಸಿದ್ಧವಾಗುತ್ತಿದ್ದವು. ಆ ಕುಲುಮೆಗಳು ಆರಿ ಬಹುಕಾಲವಾಯಿತು. ಆದರೆ ಕಳೆದ ಶ್ರಾವಣದಲ್ಲಿ ಅದೇ ಊರಿನಲ್ಲಿ ಬೇರೊಂದು ಬಗೆಯ ಗಾಜು ನಮಗೆ ಪಾಠ ಹೇಳಿತು.

ಭಕ್ತರೊಬ್ಬರ ಮನೆಯಲ್ಲಿ ತಾಡವೋಲೆಯ ಒಂದು ಕಟ್ಟಿದೆ. ಓಲೆಗಳು ಮುಟ್ಟಿದರೆ ಮುರಿಯುವ ಸ್ಥಿತಿಯವು. ಅವುಗಳನ್ನು ಒಮ್ಮೆಗೇ ಛಾಯಾಚಿತ್ರವಾಗಿಸಿ ಕಟ್ಟಿಡಬೇಕೆಂದು ಮನೆಯ ತರುಣನ ಸಂಕಲ್ಪ. ಅಜ್ಜನ ಕಾಲದ ಮಧ್ಯಮ ಗಾತ್ರದ ಕ್ಯಾಮೆರಾಕ್ಕೆ ಫಿಲ್ಮಿನ ಪೆಟ್ಟಿಗೆ ತೆಗೆದು ಡಿಜಿಟಲ್ ಬ್ಯಾಕ್ ಜೋಡಿಸಿದ್ದನು. ಎರಡು ದಿನದ ಶ್ರಮದ ಬಳಿಕ ಗಣಕದಲ್ಲಿ ನೋಡಿದರೆ, ಒಂದಕ್ಷರವೂ ಸ್ಫುಟವಾಗಿರಲಿಲ್ಲ. "ಗಾಜಿನಲ್ಲಿ ಸರಿಯಾಗಿಯೇ ಕಂಡಿತ್ತಲ್ಲ, ಬುದ್ಧೀ!" ಎಂದು ಆತನು ಕಣ್ಣೀರಿಟ್ಟನು.

ಕಾರಣವನ್ನು ವಿಚಾರಿಸೋಣ. ಇಂಥ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಓರೆಯಾದ ಕನ್ನಡಿಗೆ ತಾಗಿ ಮೇಲಿನ ಮಸುಕು ಗಾಜನ್ನು ಸೇರುತ್ತದೆ. ಲೆನ್ಸಿನಿಂದ ಆ ಗಾಜಿಗೆ ಇರುವ ದೂರವೂ, ಹಿಂದಿನ ಫಿಲ್ಮಿಗೆ ಇರುವ ದೂರವೂ ಸಮನಾಗಿರಬೇಕು. ಕನ್ನಡಿಯ ಕೆಳಗಿನ ಮೆತ್ತೆ ವಯಸ್ಸಾಗಿ ಕುಸಿದರೆ ಈ ಸಮತೆ ತಪ್ಪುತ್ತದೆ. ಫಿಲ್ಮಿನ ಕಾಲದಲ್ಲಿ ಅಲ್ಪ ದೋಷ ಅಡಗಿ ಹೋಗುತ್ತಿತ್ತು. ಸೆನ್ಸರು ಹಾಗಲ್ಲ. 1957ರ ಹ್ಯಾಸೆಲ್‌ಬ್ಲಾಡ್ 500ಸಿ ಕ್ಯಾಮೆರಾಕ್ಕೂ ಜೋಡಿಸಬಹುದಾದ, 2024ರಲ್ಲಿ ಬಂದ ಬ್ಯಾಕಿನಲ್ಲಿ ಹತ್ತು ಕೋಟಿ ಬಿಂದುಗಳಿವೆ. ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 265! ಅಲ್ಲಿ ಯಾವ ತಪ್ಪೂ ಮರೆಯಾಗದು. ಅದರ ಸೆನ್ಸರು 43.8×32.9 ಮಿ.ಮೀ.; ಫಿಲ್ಮಿನ ಚೌಕಟ್ಟಾದರೋ ಸುಮಾರು 56×56. ಆದ್ದರಿಂದ ಗಾಜಿನಲ್ಲಿ ಕಂಡದ್ದೆಲ್ಲ ಚಿತ್ರದಲ್ಲಿ ಬರುವುದೂ ಇಲ್ಲ. ಗಾಜಿನ ಮೇಲೆ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು.

ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎದುರಿಗೆ ಅಳತೆಪಟ್ಟಿಯನ್ನು ಓರೆಯಾಗಿ ಇಡಬೇಕು. ಲೆನ್ಸಿನ ರಂಧ್ರವನ್ನು ಪೂರ್ಣ ತೆರೆದು, ಭೂತಗಾಜಿನಲ್ಲಿ ನೋಡುತ್ತ 15ರ ಗೆರೆಗೆ ಫೋಕಸ್ ಮಾಡಿ ಚಿತ್ರ ತೆಗೆಯಬೇಕು. ಚಿತ್ರದಲ್ಲಿ 15ರ ಬದಲು 14 ಅಥವಾ 16 ಸ್ಫುಟವಾಗಿದ್ದರೆ ಕನ್ನಡಿಯನ್ನೋ ಗಾಜನ್ನೋ ಬಲ್ಲ ಕುಶಲಿಯಿಂದ ಸರಿಪಡಿಸಬೇಕು. ಅಲ್ಲಿಯವರೆಗೆ ಶಟರನ್ನು ತೆರೆದಿಟ್ಟು, ಬ್ಯಾಕಿನ ಪರದೆಯಲ್ಲೇ ಬಿಂಬವನ್ನು ಹಿಗ್ಗಿಸಿ ನೋಡುವುದು ಕ್ಷೇಮ. ರಂಧ್ರವನ್ನು ಕಿರಿದುಗೊಳಿಸಿದರೆ ಸ್ವಲ್ಪ ದೋಷ ಮುಚ್ಚೀತು. ತೀರಾ ಕಿರಿದಾದರೆ ಬೆಳಕು ಚದುರಿ ಚಿತ್ರವೇ ಮಬ್ಬಾದೀತು.

ತರುಣನು ಹಾಗೆಯೇ ಮಾಡಿದನು. ಕಟ್ಟನ್ನು ಎರಡನೆಯ ಸಲ ಬಿಚ್ಚುವಾಗ ಒಂದು ಓಲೆಯ ಅಂಚು ಮುರಿದು, ಅದರೊಡನೆ ಕೆಲವು ಅಕ್ಷರಗಳು ಪುಡಿಯಾದವು. ಮೊದಲೇ ಅಳತೆಪಟ್ಟಿಯನ್ನು ಇಟ್ಟು ನೋಡಿದ್ದರೆ ಅವು ಉಳಿಯುತ್ತಿದ್ದವು. ಉಳಿದ ಓಲೆಗಳ ಅಕ್ಷರಗಳು ಈಗ ಮನೆಯವರೆಲ್ಲ ಓದುವಂತಿವೆ.

ಕಣ್ಣು ನಂಬಿದ್ದೆಲ್ಲ ಹಿಂದೆ ಮೂಡಿರುವುದಿಲ್ಲ. ನಮ್ಮ ನುಡಿಗೂ ನಡೆಗೂ ನಡುವೆ ಇಂಥ ಕೂದಲೆಳೆಯ ಅಂತರ ಎಷ್ಟಿದೆಯೆಂದು ಆಗಾಗ ಅಳೆದು ನೋಡುವುದು ನಮಗೂ ನಿಮಗೂ ಒಳಿತು.