ಮನಸ್ಸಿನ ಡಾಕ್ಟ್ರು ಜೇಬಿಗೆ ಬಂದ್ರು, ಕದ ಹಾಕೋ ರೂಮು ಎಲ್ಲಿ ಸ್ವಾಮಿ?

ಮೊನ್ನೆ ಸಂಜೆ ನಮ್ಮ ಬಳ್ಳಾರಿಯ ಬಟ್ಟೆ ಅಂಗಡಿಯೊಂದರ ಮುಂದೆ ಹಾಗೇ ನಿಂತಿದ್ದೆ. ಮಾಲೀಕರು ಹಳೇ ಪರಿಚಯ. ಮುಖ ಬಾಡಿತ್ತು.

“ಏನ್ ಸಾವ್ಕಾರ್ರೇ, ವ್ಯಾಪಾರ ಹೆಂಗೈತೆ?”

“ವ್ಯಾಪಾರದ ಮಾತು ಬಿಡ್ರಿ. ನೆಟ್ಟಗೆ ನಿದ್ದಿ ಮಾಡಿ ಮೂರು ತಿಂಗಳಾತು.”

“ಮನಸ್ಸಿನ ಡಾಕ್ಟ್ರ ಹತ್ರ ಒಂದ್ಸಲ ಹೋಗಿ ಬರಬಾರದಾ?”

ಅವರು ಆಚೀಚೆ ನೋಡಿದರು. ದನಿ ತಗ್ಗಿಸಿದರು. “ಆ ಡಾಕ್ಟ್ರ ಬಾಗಿಲಾಗ ನನ್ನ ಯಾರಾರ ನೋಡಿದ್ರೆ ನಾಳೆ ಉದ್ರಿ ಮಾಲು ಕೊಡೋರು ಯಾರು? ರಾತ್ರಿ ಎಲ್ರೂ ಮಲಗಿದ ಮ್ಯಾಲೆ ಮೊಬೈಲ್‌ನಾಗಿನ ಎಐ ಹತ್ರ ಎಲ್ಲಾ ಹೇಳ್ಕೊಂತೀನಿ. ಅದು ಕೇಳ್ತೈತೆ. ಬೈಯಂಗಿಲ್ಲ. ಯಾರಿಗೂ ಹೇಳಂಗಿಲ್ಲ.”

ಯಾರಿಗೂ ಹೇಳಲ್ಲ ಅನ್ನೋದು ನಿಜವೇ? ಅದು ಒಂದು ಪ್ರಶ್ನೆ. ಲಕ್ಷ ಲಕ್ಷದ ವ್ಯವಹಾರ ಮಾಡುವ ಮನುಷ್ಯ ತನ್ನ ಸಂಕಟ ಹೇಳಿಕೊಳ್ಳಲು ಯಂತ್ರದ ಮುಂದೆ ಕೂರಬೇಕಾದ್ದು ಯಾಕೆ? ಇದು ಅದಕ್ಕಿಂತ ದೊಡ್ಡ ಪ್ರಶ್ನೆ.

ಬಳ್ಳಾರಿ ಮಾದರಿ ಮರೆತಿರಾ?

ಹಿರಿಯರಿಗೆ ನೆನಪಿರಬಹುದು. ಮನಸ್ಸಿನ ಕಾಯಿಲೆ ಅಂದರೆ ಒಂದು ಕಾಲಕ್ಕೆ ಧಾರವಾಡದ ಬಸ್ಸು ಹತ್ತಬೇಕಿತ್ತು, ಇಲ್ಲವೇ ಬೆಂಗಳೂರಿನ ರೈಲು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಒಂದು ಹೊಸ ಪ್ರಯೋಗಕ್ಕೆ ಕೈಹಾಕಿತು. ಅದಕ್ಕೆ ಆರಿಸಿಕೊಂಡದ್ದು ಬೇರೆ ಯಾವ ಜಿಲ್ಲೆಯನ್ನೂ ಅಲ್ಲ, ನಮ್ಮ ಬಳ್ಳಾರಿಯನ್ನ! ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮುಖ್ಯವಾದ ಮಾತ್ರೆಗಳು ಊರಿನ ಹತ್ತಿರವೇ ಸಿಗುವಂತೆ ಮಾಡಿದರು. ರೋಗಿ ಬರಲಿ ಅಂತ ಕಾಯಬೇಡಿ, ಚಿಕಿತ್ಸೆಯೇ ಅವನ ಹತ್ತಿರ ಹೋಗಲಿ ಎನ್ನುವುದು ಲೆಕ್ಕಾಚಾರ. ಅದಕ್ಕೇ ‘ಬಳ್ಳಾರಿ ಮಾದರಿ’ ಅಂತ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದೇ ಅಡಿಪಾಯದ ಮೇಲೆ.

ಆದರೂ ಕೊರತೆ ತೀರಿಲ್ಲ. 2015-16ರಲ್ಲಿ ನಿಮ್ಹಾನ್ಸ್ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ನೂರಕ್ಕೆ 70ರಿಂದ 92! ನಮ್ಮ ಸಾವ್ಕಾರರು ಈ ಲೆಕ್ಕದಲ್ಲೇ ಇದ್ದಾರೆ.

ಫೋನಿನಲ್ಲಿ ಡಾಕ್ಟರು

ಈ ಅಂತರ ತುಂಬಲು ಈಗ ಫೋನು ಬಂದಿದೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ಡಾಕ್ಟರು ಫೋನು, ವಿಡಿಯೊ ಮೂಲಕ ರೋಗಿಯನ್ನು ನೋಡಲು ಕೇಂದ್ರ ಸರ್ಕಾರ ನಿಯಮಾವಳಿ ಹೊರಡಿಸಿತು. 2022ರ ಅಕ್ಟೋಬರ್ 10ರಂದು ‘ಟೆಲಿ-ಮಾನಸ್’ ಶುರುವಾಯಿತು. ನಂಬರು 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ನೇರ ಚಿಕಿತ್ಸೆ ಬೇಕಾದವರಿಗೆ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 20 ಭಾಷೆಗಳಲ್ಲಿ ಸೇವೆ. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ನಮ್ಮೂರಿಗೆ ಇದು ಸಣ್ಣ ಮಾತಲ್ಲ. 2025ರ ಮಧ್ಯದ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ಇದನ್ನು ಮೆಚ್ಚಲೇಬೇಕು.

ಡಾಕ್ಟರ ಕಸುಬೂ ಬದಲಾಗಿದೆ. ಮೊದಲು ರೋಗಿ ಬಾಗಿಲು ದಾಟುವಾಗಲೇ ಡಾಕ್ಟರು ಅರ್ಧ ಓದಿಬಿಡುತ್ತಿದ್ದರು. ನಡಿಗೆ ಹೇಗಿದೆ? ಕೈ ನಡುಗುತ್ತಿದೆಯಾ? ಕೇಳಿದ್ದಕ್ಕೆ ತಾನೇ ಉತ್ತರ ಕೊಡುತ್ತಾನೋ, ಹೆಂಡತಿ ಕೊಡುತ್ತಾಳೋ? ಈಗ ವಿಡಿಯೊದಲ್ಲಿ ಕಾಣುವುದು ಮುಖ ಮಾತ್ರ, ಅದೂ ನೆಟ್‌ವರ್ಕ್ ಇದ್ದರೆ. ಹಾಗಾಗಿ ಡಾಕ್ಟರು ಮೊದಲೇ ಕೇಳಬೇಕಾಗುತ್ತದೆ: ಎಲ್ಲಿದ್ದೀರಿ? ಪಕ್ಕದಲ್ಲಿ ಯಾರಿದ್ದಾರೆ? ತುರ್ತು ಬಂದರೆ ಮನೆಯವರ ನಂಬರು ಯಾವುದು?

ಪಕ್ಕದಲ್ಲಿ ಯಾರಿದ್ದಾರೆ! ಸಿರುಗುಪ್ಪದ ಬಸ್ಸಿನಲ್ಲಿ ಒಮ್ಮೆ ಒಬ್ಬ ಹುಡುಗ ಫೋನಿನಲ್ಲಿ ಸಮಾಲೋಚಕರ ಜೊತೆ ಮಾತಾಡುತ್ತಿದ್ದ. ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಆದರೂ ಮೂರು ಸೀಟಿನವರಿಗೆ ಅವನ ಮನೆ ಜಗಳವೆಲ್ಲ ಕೇಳಿಸಿತು. ನಡುವೆ ಕಂಡಕ್ಟರ್ ಬಂದು “ಟಿಕೆಟ್, ಟಿಕೆಟ್” ಅಂದ. ಹುಡುಗ ಫೋನ್ ಕಟ್ ಮಾಡಿದ. ಮತ್ತೆ ಮಾಡಲಿಲ್ಲ.

ಯಂತ್ರ ಗೆದ್ದದ್ದು ಎಲ್ಲಿ?

ಯಂತ್ರದ ಜೊತೆ ಮನಸ್ಸು ಬಿಚ್ಚುವುದು ಇವತ್ತಿನ ಕಥೆಯಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಪ್ರಕಟಿಸಿದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಅದು ಅವರ ಸೆಕ್ರೆಟರಿಗೂ ಗೊತ್ತಿತ್ತು. ಆದರೂ ಆಕೆ ಎರಡು ಮಾತು ಟೈಪ್ ಮಾಡಿ, ಸಾಹೇಬರಿಗೇ ‘ಸ್ವಲ್ಪ ಹೊರಗೆ ಹೋಗ್ತೀರಾ’ ಅಂದರಂತೆ! ಎಂಥಾ ಯಂತ್ರವಾದರೇನು, ಮನಸ್ಸಿನ ಮಾತಿಗೆ ಮನುಷ್ಯ ಮೊದಲು ಕೇಳುವುದು ಏಕಾಂತವನ್ನ.

ಇವತ್ತಿನ ಎಐ ಎಲೈಜಾಗಿಂತ ನೂರು ಪಾಲು ಜಾಣ. ನಯವಾಗಿ ಮಾತಾಡುತ್ತದೆ, ನಿದ್ದೆಗೆ ನಾಲ್ಕು ಉಪಾಯ ಹೇಳುತ್ತದೆ. ಬೇಡವೆನ್ನಲಾರೆ. ಆದರೆ ನೀವು ನಾಲ್ಕು ದಿನ ಕಾಣದಿದ್ದರೆ ಅದು ಮನೆ ಬಾಗಿಲು ತಟ್ಟುವುದಿಲ್ಲ. ನೀವು ತಪ್ಪು ಹೇಳಿದರೂ ಹೂಂಗುಟ್ಟುವ ಚಾಳಿ ಬೇರೆ ಅದಕ್ಕಿದೆ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಎಐ ತಾನೇ ಮನೋಚಿಕಿತ್ಸೆ ಕೊಡಕೂಡದು ಅಂತ ಕಾನೂನನ್ನೇ ತಂದಿತು.

ಇನ್ನು ‘ಯಾರಿಗೂ ಹೇಳಲ್ಲ’ ಅನ್ನುವ ಮಾತು. ಫಿನ್‌ಲೆಂಡ್ ದೇಶದಲ್ಲಿ ‘ವಾಸ್ತಾಮೊ’ ಎಂಬ ಮನೋಚಿಕಿತ್ಸಾ ಸಂಸ್ಥೆ ಇತ್ತು. ಅದರ ಕಂಪ್ಯೂಟರಿನಿಂದ ಸಾವಿರಾರು ರೋಗಿಗಳ ಕಡತ ಕದ್ದ ಕಳ್ಳ, 2020ರಲ್ಲಿ ಒಬ್ಬೊಬ್ಬ ರೋಗಿಗೂ ಮೇಲ್ ಕಳಿಸಿ, ದುಡ್ಡು ಕೊಡದಿದ್ದರೆ ನಿನ್ನ ಗುಟ್ಟು ಬಯಲು ಅಂತ ಹೆದರಿಸಿದ. 2024ರಲ್ಲಿ ಅಲ್ಲಿನ ಕೋರ್ಟು ಆರು ವರ್ಷದ ಮೇಲೆ ಶಿಕ್ಷೆ ಕೊಟ್ಟಿತು. ಹೊರಗೆ ಬಿದ್ದ ಗುಟ್ಟು ವಾಪಸ್ ಬಂತೇ? ಅಮೆರಿಕದಲ್ಲಿ ‘ಬೆಟರ್‌ಹೆಲ್ಪ್’ ಕಂಪನಿ ಗಿರಾಕಿಗಳ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟ ಆರೋಪಕ್ಕೆ 2023ರಲ್ಲಿ 78 ಲಕ್ಷ ಡಾಲರ್ ಕಕ್ಕಬೇಕಾಯಿತು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ರೋಗಿಯ ಗುಟ್ಟು ಕಾಯುವುದು ಅವನ ಹಕ್ಕು ಎನ್ನುತ್ತದೆ, ಕಂಪ್ಯೂಟರಿನಲ್ಲಿಟ್ಟ ದಾಖಲೆಗೂ ಅದು ಅನ್ವಯ. ಡಾಕ್ಟರು ಬಾಯಿ ಬಿಟ್ಟರೆ ಹಿಡಿದು ಕೇಳಬಹುದು. ಯಾವುದೋ ದೇಶದಲ್ಲಿರುವ ಆ್ಯಪಿನ ಧಣಿಯನ್ನು ಎಲ್ಲಿ ಹುಡುಕೋಣ?

ಇಷ್ಟೆಲ್ಲಾ ಹೇಳಿ ನಮ್ಮ ಸಾವ್ಕಾರರಿಗೆ 14416 ಬರೆದುಕೊಟ್ಟೆ. ಅವರು ಚೀಟಿ ನೋಡಿ ನಕ್ಕರು. “ನಂಬರು ಸರಿ. ಎಲ್ಲಿ ನಿಂತು ಮಾತಾಡ್ಲಿ? ಅಂಗಡ್ಯಾಗ ಕೆಲಸದ ಹುಡುಗ್ರು. ಮನ್ಯಾಗ ಎರಡು ರೂಮು, ಆರು ಜನ. ಆ ಎಐ ಹತ್ರ ಆದ್ರೆ ಬಾಯೇ ಬಿಡಬೇಕಾಗಿಲ್ಲ ನೋಡ್ರಿ, ಹಾಸಿಗ್ಯಾಗ ಮಲಗಿ ಟೈಪ್ ಮಾಡಬೋದು.”

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಯಂತ್ರ ಗೆದ್ದದ್ದು ಜಾಣತನದಿಂದಲ್ಲ. ನಮ್ಮ ಮನೆಗಳಲ್ಲಿ ಗುಟ್ಟಾಗಿ ಮಾತಾಡಲು ಜಾಗ ಇಲ್ಲದ್ದರಿಂದ!

ಮಾಡಬೇಕಾದ್ದು ಏನು?

ಆಸ್ಪತ್ರೆಯಲ್ಲಾದರೂ ಜಾಗ ಇದೆಯೇ? ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡೆ, ಹೆಸರು ಬೇಡ. ಮನಸ್ಸಿನ ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಹತ್ತು ಜನ ಚೀಟಿ ಹಿಡಿದು ನಿಂತಿದ್ದರು. ಒಳಗೆ ಹೆಣ್ಣುಮಗಳೊಬ್ಬಳು ಬಾಯಿ ಬಿಡಲಾರದೆ ಸೆರಗು ಕಚ್ಚಿ ಕುಳಿತಿದ್ದಳು. ಇಂಥಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ?

ಆದ್ದರಿಂದ ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೊಂದು ಸಣ್ಣ ಕೋಣೆ ಕೊಡಿ. ಒಳಗೆ ಒಂದು ಕುರ್ಚಿ, ಒಂದು ಫೋನು, ನೆಟ್‌ವರ್ಕು. ಒಳಗಿನಿಂದ ಚಿಲಕ ಇರುವ ಕದ. ಹೊರಗೆ ‘ಮಾನಸಿಕ ವಿಭಾಗ’ ಅಂತ ದೊಡ್ಡ ಬೋರ್ಡು ಬೇಡವೇ ಬೇಡ, ರೂಮ್ ನಂಬರ್ ಸಾಕು. ಯಾರು ಬೇಕಾದರೂ ಬಂದು ಅರ್ಧ ಗಂಟೆ ಮಾತಾಡಿ ಹೋಗಲಿ. ಬಸ್ಸುಗಳ ಒಳಗೆ, ಬಸ್ ಸ್ಟ್ಯಾಂಡಿನಲ್ಲಿ ಆ ನಂಬರನ್ನು ಮೂರೂ ಭಾಷೆಯಲ್ಲಿ ಬರೆಸಿ.

ವ್ಯಾಪಾರಿ ಬಂಧುಗಳೇ, ನಿಮಗೂ ಒಂದು ಮಾತು. ಗಲ್ಲಾದ ಮೇಲೆ ದುಡ್ಡು ಹಾಕಿಸಿಕೊಳ್ಳುವ ಕ್ಯೂಆರ್ ಕೋಡ್ ಅಂಟಿಸಿದ್ದೀರಿ. ಅದರ ಪಕ್ಕ 14416 ಅಂತ ಒಂದು ಚೀಟಿ ಅಂಟಿಸಿ, ಖರ್ಚಿಲ್ಲ. ಯಾರಾದರೂ ಬದುಕೇ ಬೇಡ ಅಂತ ಮಾತಾಡಿದರೆ ಮೊಬೈಲಿನ ಯಂತ್ರಕ್ಕೆ ಬಿಡಬೇಡಿ. ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಡಾಕ್ಟರ ಬಾಗಿಲಲ್ಲಿ ಕಂಡವನಿಗೆ ಉದ್ರಿ ನಿಲ್ಲಿಸುವ ಚಾಳಿಯನ್ನೂ ಬಿಡಿ.

1985ರಲ್ಲಿ ದೇಶಕ್ಕೇ ದಾರಿ ತೋರಿಸಿದ ಊರು ಇದು. ಒಂದು ಕೋಣೆಗೆ ಒಂದು ಕದ ಹಾಕಿಸಲಾರದೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?